2005ರ ಎಸ್ಟೀಮ್‌ಗೆ ಎಂಜಿನ್ ಬದಲಿಸಿ ಅಂತಿದ್ದಾರೆ, ಬದಲಿಸಬೇಕಾ?

ಕಾಫಿಘಾಟಿ
ಎಲ್ಲರಿಗೂ ನಮಸ್ಕಾರ. ನಮ್ಮದು 2005ರ ಡಿಸೆಂಬರ್‌ನಲ್ಲಿ ಅಪ್ಪ ಹೊಸದಾಗಿ ತಗೊಂಡ ಮಾರುತಿ ಎಸ್ಟೀಮ್ ವಿಎಕ್ಸ್‌ಐ. ಮೀಟರ್ 1,86,000 ತೋರಿಸ್ತಿದೆ. ಮೊದಲಿಂದ ನಮ್ಮ ಮನೆಯವರ ಕೈ ಬಿಟ್ಟು ಬೇರೆಯವರ ಕೈಗೆ ಹೋಗಿಲ್ಲ.

ಮೂರು ವಾರದ ಹಿಂದೆ ಧರ್ಮಸ್ಥಳದಿಂದ ಚಿಕ್ಕಮಗಳೂರಿಗೆ ವಾಪಸ್ ಬರುವಾಗ, ಚಾರ್ಮಾಡಿ ಹತ್ತುತ್ತಾ ಟೆಂಪರೇಚರ್ ಮುಳ್ಳು ಮುಕ್ಕಾಲು ದಾಟಿತು. ಅಣ್ಣಪ್ಪಸ್ವಾಮಿ ಗುಡಿ ಹತ್ತಿರ ನಿಲ್ಲಿಸಿ ಬಾನೆಟ್ ಎತ್ತಿದ್ರೆ ಕೂಲೆಂಟ್ ಬಾಟಲಿ ಕೊತಕೊತ ಕುದೀತಿತ್ತು. ಮುಕ್ಕಾಲು ಗಂಟೆ ಆರಲು ಬಿಟ್ಟು, ಎರಡು ಲೀಟರ್ ನೀರು ಹಾಕಿ, ನಿಧಾನಕ್ಕೆ ಕೊಟ್ಟಿಗೆಹಾರ ಮುಟ್ಟಿದ್ವಿ.

ಅವತ್ತಿಂದ ತೊಂದರೆ ಶುರು. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಗಾಡಿ ಗಡಗಡ ನಡುಗುತ್ತೆ, ಬಿಳಿ ಹೊಗೆ ಬರುತ್ತೆ. ಬಿಸಿಯಾದ ಮೇಲೆ ನಡುಕ ಸ್ವಲ್ಪ ಕಮ್ಮಿ, ಆದ್ರೆ ಪಿಕಪ್ ಇಲ್ಲ. ನಾಲ್ಕನೇ ಗೇರಿನಲ್ಲಿ ಹತ್ತಿಸ್ತಿದ್ದ ಏರನ್ನ ಈಗ ಎರಡರಲ್ಲಿ ಹತ್ತಿಸಬೇಕು. 300 ಕಿ.ಮೀ.ಗೆ ಅರ್ಧ ಲೀಟರ್ ನೀರು ಕುಡೀತಿದೆ, ಕೆಳಗೆ ಎಲ್ಲೂ ಸೋರಿಕೆ ಕಾಣಿಸ್ತಿಲ್ಲ.

ಇಲ್ಲಿನ ಗ್ಯಾರೇಜ್‌ನವರು ಹತ್ತು ನಿಮಿಷ ಸದ್ದು ಕೇಳಿ "ಎಂಜಿನ್ ಮುಗೀತು" ಅಂದ್ರು. ಬೆಂಗಳೂರಿಂದ ಗುಜರಿ ಎಂಜಿನ್ ತರಿಸಿ ಕೂರಿಸಿಕೊಡೋಕೆ 48,000. ಇದನ್ನೇ ಬಿಚ್ಚಿ ಬೋರ್ ಮಾಡಿಸಿದ್ರೆ (ಸವೆದ ಸಿಲಿಂಡರ್ ಕೊರೆದು ಸರಿ ಮಾಡೋದು) 65,000 ಅಂತೆ. ಮುಂದಿನ ತಿಂಗಳು ಆರ್‌ಸಿ ರಿನ್ಯೂವಲ್ ಬೇರೆ ಇದೆ. ಮನೆಯವಳು ಮಾರಿಬಿಡಿ ಅಂತಾಳೆ. ಅಪ್ಪ ಏನೂ ಹೇಳಲ್ಲ, ಆದ್ರೆ ಓಡದೆ ನಿಂತ ಗಾಡಿಯನ್ನ ದಿನಾ ಬೆಳಿಗ್ಗೆ ಒರೆಸಿ ಬರ್ತಾರೆ. ಏನು ಮಾಡಲಿ?

ಸ್ಪ್ಯಾನರ್ 14
ಕಂಪ್ರೆಶನ್ ಟೆಸ್ಟ್, ಅಂದ್ರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು, ಮಾಡಿದಾರಾ? ನಾಲ್ಕು ಸಿಲಿಂಡರಿನ ನಂಬರ್ ಎಷ್ಟು?

ಕಾಫಿಘಾಟಿ
ಇಲ್ಲ ಸಾರ್. ಬಾನೆಟ್ ಎತ್ತಿ ಕಿವಿ ಕೊಟ್ಟು ಕೇಳಿದ್ರು ಅಷ್ಟೆ.

ಸ್ಪ್ಯಾನರ್ 14
ಹಾಗಾದ್ರೆ ಯಾರಿಗೂ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ನಂಬರ್ ಇಲ್ಲದೆ ಎಂಜಿನ್ ಮುಗೀತು ಅನ್ನೋದು ಜ್ವರ ನೋಡದೆ ಆಪರೇಶನ್ ಬರೆದ ಹಾಗೆ. ನೀವು ಹೇಳಿದ ಲಕ್ಷಣ ಎಲ್ಲಾ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್‌ಗೂ ಬ್ಲಾಕಿಗೂ ನಡುವಿನ ಸೀಲ್) ಕಡೆ ಬೆರಳು ತೋರಿಸ್ತಿದೆ: ಕಾದ ಮೇಲೆ ಶುರು ಆಯ್ತು, ನೀರು ಕಾಣದಂತೆ ಮಾಯ ಆಗ್ತಿದೆ, ಬೆಳಿಗ್ಗೆ ನಡುಕ, ಬಿಳಿ ಹೊಗೆ. ಇದರ ಬ್ಲಾಕು (ಸಿಲಿಂಡರ್ ಇರುವ ಕೆಳಭಾಗ), ಹೆಡ್ಡು (ಅದರ ಮೇಲೆ ಕೂರುವ ವಾಲ್ವ್ ಇರುವ ಭಾಗ) ಎರಡೂ ಅಲ್ಯುಮಿನಿಯಂ. ಒಂದು ಸಲ ಜೋರಾಗಿ ಕಾದ್ರೆ ಹೆಡ್ ಸೊಟ್ಟ ಆಗುತ್ತೆ, ಗ್ಯಾಸ್ಕೆಟ್ ಸುಟ್ಟು ದಾರಿ ಬಿಡುತ್ತೆ. ಕೆಳಗಿನ ಪಿಸ್ಟನ್ನು, ಕ್ರ್ಯಾಂಕು ಸರಿಯಾಗೇ ಇರಬಹುದು.

ವೈಟ್‌ಫೀಲ್ಡ್ ಟ್ರಾಫಿಕ್
ಗುರು, 20 ವರ್ಷದ ಗಾಡಿ. ಸ್ಕ್ರ್ಯಾಪ್‌ಗೆ ಕೊಟ್ಟು ಸರ್ಟಿಫಿಕೇಟ್ ತಗೊಂಡ್ರೆ ಹೊಸ ಗಾಡಿಯ ರೋಡ್ ಟ್ಯಾಕ್ಸ್‌ನಲ್ಲಿ ರಿಯಾಯಿತಿ ಸಿಗುತ್ತೆ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ವಯಸ್ಸಾದ ಅಪ್ಪ ಅಮ್ಮನನ್ನ ಕೂರಿಸಿಕೊಂಡು ಘಾಟಿ ಹತ್ತೋದು ಇದರಲ್ಲೇ ಯಾಕೆ?

ದಾವಣಗೆರೆ ಡ್ರೈವರ್
ಏರ್‌ಬ್ಯಾಗ್ ಮಾತು ಒಪ್ತೀನಿ. ಆದ್ರೆ ಅವರು ಕೇಳಿದ್ದು ಎಂಜಿನ್ ಬಗ್ಗೆ. ಹೊಸ ಗಾಡಿಗೆ ಎಂಟು ಲಕ್ಷ ಎಲ್ಲಿಂದ ತರ್ತಾರೆ ಅಂತ ಯಾರೂ ಯೋಚನೆ ಮಾಡಲ್ಲ. ಸೆಕೆಂಡ್ ಹ್ಯಾಂಡ್ ತಗೊಂಡ್ರೂ ಮೂರೂವರೆ ಲಕ್ಷ ಬೇಕು, ಅದರ ಹಿಂದಿನ ಕಥೆ ನಮಗೆ ಗೊತ್ತಿರಲ್ಲ. ಈ ಗಾಡಿ ಕಥೆ ಅವರಿಗೆ ಪೂರ್ತಿ ಗೊತ್ತು.

ರೆಡ್‌ಲೈನ್ ಹುಡುಗ
ಅಣ್ಣ, ಹೇಗಿದ್ರೂ ಎಂಜಿನ್ ಇಳಿಸ್ತೀರ ಅಂದ್ರೆ ಹಳೇ ಬಲೆನೋ ಸೆಡಾನ್‌ನ 1.6 ಹಾಕಿಸಿ! 1590 ಸಿಸಿ. ಎಸ್ಟೀಮ್ ತೂಕ 900 ಕೆ.ಜಿ. ಒಳಗೇ ಇದೆ, ಹಕ್ಕಿ ಥರ ಹಾರುತ್ತೆ. ನನ್ನ ಫ್ರೆಂಡ್ ಹಾಕಿಸಿದಾನೆ, ಒಂದು ರೌಂಡ್ ಹೋಗಿ ಬಂದ್ರೆ ನಗು ಮುಖದಿಂದ ಇಳಿಯಲ್ಲ.

ಆರ್‌ಟಿಓ ಕ್ಯೂ
ನಿಮ್ಮ ಫ್ರೆಂಡ್ ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಾಗಿದೆಯಾ ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇರೋದು ಇದಕ್ಕೇ. ಆರ್‌ಸಿಯಲ್ಲಿ ಬರೆದ ವಿವರಕ್ಕೂ ಗಾಡಿಗೂ ತಾಳೆ ಇರಬೇಕು. ಎಂಜಿನ್ ಬದಲಿಸಿದ್ರೆ 14 ದಿನದೊಳಗೆ ತಿಳಿಸಿ ನಮೂದು ಮಾಡಿಸಬೇಕು. ಅದೇ ಮಾದರಿ ಎಂಜಿನ್ ಆದ್ರೆ ದಾರಿ ಇದೆ. 1298 ಸಿಸಿ ಅಂತ ಬರೆದ ಕಡೆ 1590 ಕೂರಿಸಿದ್ರೆ ಇನ್ಸ್‌ಪೆಕ್ಟರ್ ಯಾಕೆ ಸಹಿ ಹಾಕ್ತಾರೆ?

ಇವರಿಗೆ ಮುಂದಿನ ತಿಂಗಳೇ ರಿನ್ಯೂವಲ್. ಗಾಡಿ ತಗೊಂಡು ಹೋಗಿ ಚಾಸಿ ನಂಬರ್, ಎಂಜಿನ್ ನಂಬರ್ ತೋರಿಸಲೇಬೇಕು. ತಾಳೆ ಆಗಲಿಲ್ಲ ಅಂದ್ರೆ ಅಲ್ಲೇ ಎಡವಟ್ಟು. ಗುಜರಿ ಎಂಜಿನ್ ಯಾವ ಗಾಡಿಯದು, ಆ ಗಾಡಿಯ ಆರ್‌ಸಿ ರದ್ದಾಗಿದೆಯಾ, ಬಿಲ್ ಇದೆಯಾ ಅನ್ನೋ ಕಾಗದ ಕೇಳಿದ್ರೆ ಅರ್ಧ ಅಂಗಡಿಯವರು ಮಾತು ಬದಲಿಸ್ತಾರೆ. ಕದ್ದ ಗಾಡಿಯ ಎಂಜಿನ್ ಅಂತ ಗೊತ್ತಾದ್ರೆ ಸ್ಟೇಷನ್‌ಗೆ ಅಲೆಯೋರು ನೀವು. ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್ ಸರ್ವೇಯರ್ ಕೂಡ ಮೊದಲು ಆ ನಂಬರನ್ನೇ ನೋಡೋದು.

ರೆಡ್‌ಲೈನ್ ಹುಡುಗ
ಸಾರ್ ಸಾವಿರಾರು ಜನ ಓಡಿಸ್ತಿದಾರೆ, ಯಾರನ್ನೂ ಹಿಡಿದಿಲ್ಲ.

ಆರ್‌ಟಿಓ ಕ್ಯೂ
ಹಿಡಿಯದೆ ಇರೋದಕ್ಕೂ ಸರಿ ಅನ್ನೋದಕ್ಕೂ ವ್ಯತ್ಯಾಸ ಇದೆ ತಮ್ಮಾ. ಗಾಡಿ ಇರೋದು ಅವರ ಅಪ್ಪನ ಹೆಸರಲ್ಲಿ.

ಕುಡ್ಲದ ಶಾರ್ಜಾವಾಸಿ
ಎಂಜಿನ್ ಬದಲಿ ಕಷ್ಟ ನಾನು ಉಂಡವ ಮಾರಾಯ್ರೆ. ಇಲ್ಲಿ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಳೇ ಎಂಜಿನ್ ರಾಶಿ ರಾಶಿ ಸಿಗ್ತದೆ. ನನ್ನ ಹಳೇ ಕೊರೊಲ್ಲಾಕ್ಕೆ ಒಂದು ತಂದು ಹಾಕಿಸಿದೆ. ಎಂಜಿನ್ ಎರಡೇ ದಿನದಲ್ಲಿ ಕೂತಿತು. ಆಮೇಲೆ ಒಂದೂವರೆ ತಿಂಗಳು ವಯರಿಂಗ್ ಗಲಾಟೆ. ಒಂದು ಸೆನ್ಸರಿನ ಪಿನ್ ಬೇರೆ, ಆಲ್ಟರ್ನೇಟರಿನ ಬ್ರಾಕೆಟ್ ಬೇರೆ, ಮೌಂಟಿಂಗ್ ಹೊಸತು ಹಾಕದೆ ಸ್ಟೇರಿಂಗ್ ಎಲ್ಲ ನಡುಗುವುದು. ಎಂಜಿನಿಗೆ ಕೊಟ್ಟಷ್ಟೇ ದುಡ್ಡು ಚಿಲ್ಲರೆ ಕೆಲಸಕ್ಕೂ ಹೋಯ್ತು. 48,000 ಅಂತ ಹೇಳಿದವರು ಮೌಂಟಿಂಗ್, ಕ್ಲಚ್ ಪ್ಲೇಟ್, ಆಯಿಲ್, ಹೋಸ್ ಸೇರಿಸಿ ಹೇಳಿದ್ದಾ ಕೇಳಿ ಆಯ್ತಾ?

ಹುಬ್ಬಳ್ಳಿ ಗೇರ್‌ಬಾಕ್ಸ್
ಎಸ್ಟೀಮ್ ಎಂಜಿನ್ ಅಂದ್ರ ಸುಮ್ಮನ ಅಲ್ಲ ನೋಡ್ರಿ. ಇದ 1.3 ಎಂಜಿನ್ ಜಿಪ್ಸಿಗೂ ಹಾಕ್ಯಾರ, ವರ್ಸಾಕ್ಕೂ ಹಾಕ್ಯಾರ, ಮೊದಲಿನ ಸ್ವಿಫ್ಟ್‌ಗೂ ಹಾಕ್ಯಾರ. 85 ಕುದುರಿ. ನಮ್ಮ ಕಾಕಾನ ಗಾಡಿ ಮೂರು ಲಕ್ಷ ದಾಟಿ ಓಡಾಕತ್ತೇತಿ, ಒಮ್ಮೆ ಹೆಡ್ ಬಿಚ್ಚಿದ್ದು ಬಿಟ್ರ ಏನೂ ಮಾಡಿಲ್ಲ. 1.86ಕ್ಕ ಮುಗೀತು ಅಂದವರು ಏನು ನೋಡಿ ಅಂದ್ರೋ. ಪಾರ್ಟ್ಸಿಗೂ ಹೆದರಬ್ಯಾಡ್ರಿ. ಗಾಡಿ ತಯಾರಿಕೆ ಬಂದ್ ಆಗಿದ್ದು 2007ರಾಗ ಖರೆ, ಎಂಜಿನ್ನಿನ ಸಾಮಾನು ಇನ್ನೂ ಸಿಗತಾವ.

ಬೆಣ್ಣೆದೋಸೆ
ನಮ್ಮ ಮಾವನ ಮದುವೆಗೆ ಅಲಂಕಾರ ಮಾಡಿದ್ದು ಬಿಳಿ ಎಸ್ಟೀಮ್. ಆಗ ಊರಲ್ಲಿ ಅದೇ ದೊಡ್ಡ ಕಾರು. ಮುಂದಿನ ಸೀಟಲ್ಲಿ ಕೂರೋಕೆ ನಾವು ಮಕ್ಕಳೆಲ್ಲ ಜಗಳ ಆಡಿದ್ದು ನೆನಪಾಯ್ತು. ಮಾರಬೇಡಿ ಸಾರ್.

ಎಂಜಿನ್ ಆಯಿಲ್ ಅಕ್ಕ
ಇದು 20 ಪರ್ಸೆಂಟ್ ಎಥೆನಾಲ್ ಪೆಟ್ರೋಲ್‌ನ ಕೆಲಸ ಇರಬಹುದಾ? ನಮ್ಮ 2008ರ ಗಾಡಿಯಲ್ಲಿ ಈ ವರ್ಷ ಫ್ಯೂಯಲ್ ಹೋಸ್ ಎರಡು ಸಲ ಬಿರುಕು ಬಿಟ್ಟಿತು.

ಸ್ಪ್ಯಾನರ್ 14
ಅಕ್ಕಾ, ಹೋಸ್ ವಿಷಯ ನಿಜ. ಹಳೇ ರಬ್ಬರಿಗೆ ಎಥೆನಾಲ್ ಒಗ್ಗಲ್ಲ, ಪೆಟ್ರೋಲ್ ವಾಸನೆ ಬಂದ್ರೆ ತಕ್ಷಣ ಬದಲಿಸಬೇಕು. ಮೈಲೇಜೂ ಸ್ವಲ್ಪ ಇಳಿಯುತ್ತೆ. ಆದ್ರೆ ಪೆಟ್ರೋಲು ಕೂಲೆಂಟ್ ಕುಡಿಯಲ್ಲ. ಇವರ ರೋಗ ಬೇರೆ.

@ಕಾಫಿಘಾಟಿ, ಈ ಕ್ರಮದಲ್ಲಿ ನೋಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ನೀರು ಬಾಯಿವರೆಗೆ ತುಂಬಿ ಸ್ಟಾರ್ಟ್ ಮಾಡಿ. ಗುಳ್ಳೆ ನಿಲ್ಲದೆ ಬರ್ತಿದ್ರೆ ಸಿಲಿಂಡರ್ ಗ್ಯಾಸ್ ನೀರಿಗೆ ಸೇರ್ತಿದೆ. ಬಿಸಿ ಎಂಜಿನ್‌ನಲ್ಲಿ ಮುಚ್ಚಳ ಮುಟ್ಟಲೇಬೇಡಿ, ಮುಖ ಸುಡುತ್ತೆ. ಆಮೇಲೆ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟು ಫೋಟೋ ಹಾಕಿ. ಆಮೇಲೆ ಪ್ಲಗ್ ತೂತಿಗೆ ಕಂಪ್ರೆಶನ್ ಗೇಜ್ ಹಾಕಿಸಿ: ಬ್ಯಾಟರಿ ಫುಲ್ ಚಾರ್ಜ್ ಇರಲಿ, ಇಗ್ನಿಷನ್ನೂ ಇಂಜೆಕ್ಟರೂ ಕೆಲಸ ಮಾಡದ ಹಾಗೆ ಕನೆಕ್ಟರ್ ತೆಗೀರಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಐದಾರು ಸುತ್ತು ಕ್ರ್ಯಾಂಕ್. ಮೊದಲು ಡ್ರೈ. ಕಮ್ಮಿ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ವೆಟ್. ಎಣ್ಣೆ ಬಿಟ್ಟಾಗ ನಂಬರ್ ಜಿಗಿದ್ರೆ ಪಿಸ್ಟನ್ ರಿಂಗ್ ಸವೆದಿದೆ. ಜಿಗಿಯಲಿಲ್ಲ ಅಂದ್ರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಈ ಎಂಜಿನ್‌ಗೆ 170 ಪಿಎಸ್‌ಐ (ಒತ್ತಡದ ಅಳತೆ) ಕೆಳಗಿನ ಮಿತಿ, ಒಂದಕ್ಕೂ ಇನ್ನೊಂದಕ್ಕೂ 14ಕ್ಕಿಂತ ಜಾಸ್ತಿ ಅಂತರ ಇರಬಾರದು.

ಕಾಫಿಘಾಟಿ
ನಾಲ್ಕು ದಿನ ತಡವಾಯ್ತು, ಕ್ಷಮಿಸಿ. ಮೂಡಿಗೆರೆಯಲ್ಲಿ ಗೇಜ್ ಇಟ್ಟಿರುವ ಒಬ್ಬ ಹಿರಿಯ ಮೆಕ್ಯಾನಿಕ್ ಸಿಕ್ಕರು.

ಡ್ರೈ: ಒಂದು 178, ಎರಡು 174, ಮೂರು 95, ನಾಲ್ಕು 90.
ಎಣ್ಣೆ ಬಿಟ್ಟ ಮೇಲೆ ಮೂರು 98, ನಾಲ್ಕು 94.

ರೇಡಿಯೇಟರ್‌ನಲ್ಲಿ ಗುಳ್ಳೆ ಬರ್ತಿದೆ. ಪ್ಲಗ್‌ಗಳಲ್ಲಿ ಒಂದು, ಎರಡು, ನಾಲ್ಕು ಚಹಾಪುಡಿ ಬಣ್ಣ. ಮೂರನೆಯದು ಮಾತ್ರ ತೊಳೆದಿಟ್ಟ ಪಿಂಗಾಣಿ ಹಾಗೆ ಬೆಳ್ಳಗಿದೆ.

ಸ್ಪ್ಯಾನರ್ 14
ಆ ಬಿಳಿ ಪ್ಲಗ್ ನೋಡಿದ್ರಾ? ಅದನ್ನ ತೊಳೆದಿದ್ದು ನಿಮ್ಮ ಅರ್ಧ ಲೀಟರ್ ನೀರು. ಮೂರನೇ ಸಿಲಿಂಡರಿಗೆ ಹೋದ ಕೂಲೆಂಟ್ ಆವಿಯಾಗಿ ಮಸಿ ಎಲ್ಲಾ ಕಿತ್ತುಕೊಂಡು ಹೋಗಿದೆ. ಪಕ್ಕಪಕ್ಕದ ಮೂರು, ನಾಲ್ಕು ಎರಡೂ ಒಟ್ಟಿಗೆ ಬಿದ್ದಿವೆ, ಎಣ್ಣೆಗೆ ಏರಿಲ್ಲ. ಎರಡರ ನಡುವೆ ಗ್ಯಾಸ್ಕೆಟ್ ಸುಟ್ಟಿದೆ. ಒಂದು, ಎರಡು ನೋಡಿ, 1.86 ಲಕ್ಷ ಓಡಿದ ಮೇಲೂ 170ರ ಮೇಲಿವೆ! ಇಂಥ ಎಂಜಿನ್ ಎಸೆದು ಎಷ್ಟು ಓಡಿದೆ ಅಂತಲೇ ಗೊತ್ತಿಲ್ಲದ ಗುಜರಿ ಎಂಜಿನ್ ತರೋದಾ?

ಲೇತ್ ಕೆಲಸ
ಆತುರ ಬೇಡ. ವಾಲ್ವ್ ಸುಟ್ಟಿದ್ರೂ ಎಣ್ಣೆಗೆ ಏರಲ್ಲ. ಎರಡು ವಾಲ್ವ್ ಒಟ್ಟಿಗೆ ಕೆಡೋದು ಅಪರೂಪ, ಆದ್ರೂ ನೋಡಿಯೇ ಹೇಳಬೇಕು. ಹೆಡ್ ಇಳಿಸುವ ಮೊದಲು ಮೂರನೇ ಪಿಸ್ಟನ್ ಕಂಪ್ರೆಶನ್‌ನಲ್ಲಿ ಮೇಲೆ ತಂದು, ಗಾಡಿ ಗೇರಲ್ಲಿಟ್ಟು, ಪ್ಲಗ್ ತೂತಿಂದ ಗಾಳಿ ಬಿಡಿ. ಪಂಕ್ಚರ್ ಅಂಗಡಿ ಕಂಪ್ರೆಸರ್ ಸಾಕು, ಒತ್ತಡ ಕಮ್ಮಿ ಇರಲಿ. ಸೈಲೆನ್ಸರ್‌ನಲ್ಲಿ ಬುಸ್ ಅಂದ್ರೆ ಎಕ್ಸಾಸ್ಟ್ ವಾಲ್ವ್. ಏರ್ ಫಿಲ್ಟರ್ ಕಡೆ ಬಂದ್ರೆ ಇನ್‌ಲೆಟ್. ಆಯಿಲ್ ಮುಚ್ಚಳದಲ್ಲಿ ಜೋರಾಗಿ ಬಂದ್ರೆ ರಿಂಗ್. ಪಕ್ಕದ ಪ್ಲಗ್ ತೂತಲ್ಲಿ ಬಂದ್ರೆ ಗ್ಯಾಸ್ಕೆಟ್, ಆಗ ನಾನೂ ಒಪ್ತೀನಿ.

ಕಾಫಿಘಾಟಿ
ಮಾಡಿದ್ವಿ. ಅಪ್ಪ ಹಾಲಿನ ಬಿಲ್ಲಿನ ಒಂದು ಚೂರು ಹರಿದು ನಾಲ್ಕನೇ ಪ್ಲಗ್ ತೂತಿನ ಮೇಲೆ ಹಿಡಿದು ನಿಂತಿದ್ರು. ಮೂರಕ್ಕೆ ಗಾಳಿ ಬಿಟ್ಟ ತಕ್ಷಣ ಕಾಗದ ಪಟಪಟ ಬಡಿದು ಕೈಯಿಂದ ಹಾರಿಹೋಯ್ತು. ರೇಡಿಯೇಟರ್ ಬಾಯಲ್ಲಿ ನೀರು ಉಕ್ಕಿ ಬಂತು. ಸೈಲೆನ್ಸರ್‌ನಲ್ಲಿ ಏನೂ ಸದ್ದಿಲ್ಲ. ಅಪ್ಪ ಮೂರು ವಾರದಲ್ಲಿ ಮೊದಲ ಸಲ ಗಾಡಿ ಬಗ್ಗೆ ಮಾತಾಡಿದ್ರು: "ಹೆಡ್ ಇಳಿಸಿ ನೋಡೋಣ."

ಲೇತ್ ಕೆಲಸ
ಹಾಗಾದ್ರೆ ಗ್ಯಾಸ್ಕೆಟ್ಟೇ, ನನ್ನ ಅನುಮಾನ ವಾಪಸ್. ಹೆಡ್ ಇಳಿದ ಮೇಲೆ ಸ್ಟ್ರೈಟ್ ಎಡ್ಜ್ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಇಟ್ಟು ಫೀಲರ್ ಗೇಜ್ ತೂರಿಸಿ ಅಳೆಯಲಿ. 0.05 ಮಿ.ಮೀ. ದಾಟಿದ್ರೆ ಹೆಡ್ ಸರ್ಫೇಸ್ ಮಾಡಿಸಿ, ಅಂದ್ರೆ ಮೇಲ್ಮೈ ಸಮ ಮಾಡಿಸಿ. ಬ್ಲಾಕಿನ ಮೇಲ್ಮೈಯನ್ನೂ ಹಾಗೇ ಅಳೆಸಿ, ಅದನ್ನ ಎಲ್ಲರೂ ಮರೀತಾರೆ. ಸರ್ಫೇಸ್ ಮಾಡುವ ಮುಂಚೆ ಹೆಡ್‌ಗೆ ಪ್ರೆಶರ್ ಹಾಕಿ ಬಿರುಕು ನೋಡಿಸಿ. ಬಿರುಕು ಬಿಟ್ಟ ಹೆಡ್ ನುಣುಪು ಮಾಡಿ ಏನು ಉಪಯೋಗ? ಹಳೇ ಗ್ಯಾಸ್ಕೆಟ್ ಕೆರೆಯೋಕೆ ಗ್ರೈಂಡರ್ ಹಿಡಿಯೋರಿದಾರೆ, ದಯವಿಟ್ಟು ಬಿಡಬೇಡಿ. ಅಲ್ಯುಮಿನಿಯಂ ಮೇಲೆ ಒಂದು ಗೀರು ಬಿದ್ರೂ ಹೊಸ ಗ್ಯಾಸ್ಕೆಟ್ ಹಿಡಿಯಲ್ಲ.

ದಾವಣಗೆರೆ ಡ್ರೈವರ್
ಹೆಡ್ ಇಳಿದಾಗಲೇ ವಾಲ್ವ್ ಸೀಲ್, ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಎಲ್ಲಾ ಹೊಸದು ಹಾಕಿಸಿ. ಮತ್ತೆ ಬಿಚ್ಚೋ ಕೂಲಿ ಉಳಿಯುತ್ತೆ.

ವೈಟ್‌ಫೀಲ್ಡ್ ಟ್ರಾಫಿಕ್
ಎಲ್ಲಾ ಸೇರಿ 20,000 ದಾಟುತ್ತೆ. 60,000 ಬೆಲೆಯ ಗಾಡಿಗೆ. ರಿನ್ಯೂವಲ್ ಬೇರೆ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ ರಿನ್ಯೂವಲ್ ಫೀಯೇ 10,000 ಮಾಡಿದಾರೆ, ಮೊದಲು 5,000 ಇತ್ತು. ಲೆಕ್ಕ ಹಾಕಿದ್ರೆ ಕೂಡೋದೇ ಇಲ್ಲ.

ಹುಬ್ಬಳ್ಳಿ ಗೇರ್‌ಬಾಕ್ಸ್
ಲೆಕ್ಕ ಹಾಂಗ ಹಾಕಬ್ಯಾಡ್ರಿ. ಮೂವತ್ತು ಸಾವಿರಕ್ಕ ಮುಂದ ಐದು ವರ್ಷ ಓಡತೇತಿ. ವರ್ಷಕ್ಕ ಆರು ಸಾವಿರ. ಹೊಸ ಗಾಡಿ ಕಂತು ತಿಂಗಳಿಗೇ ಅದಕ್ಕಿಂತ ಜಾಸ್ತಿ ಬರತೇತಿ.

ವೈಟ್‌ಫೀಲ್ಡ್ ಟ್ರಾಫಿಕ್
ಐದು ವರ್ಷದಲ್ಲಿ ಸಸ್ಪೆನ್ಷನ್, ಟೈರ್, ತುಕ್ಕು ಏನೂ ಬರಲ್ವಾ? ಅದನ್ನೂ ಸೇರಿಸಿ ಹೇಳಿ. ಹಳೇ ಗಾಡಿ ಅಂದ್ರೆ ನನಗೂ ಇಷ್ಟಾನೇ, ಆದ್ರೆ ಪೂರ್ತಿ ಖರ್ಚು ಮುಂದಿಟ್ಟೇ ಮಾತಾಡೋಣ.

ಎಂಜಿನ್ ಆಯಿಲ್ ಅಕ್ಕ
ಈ ಮಾತು ಸರಿ ಇದೆ. ಸಾರ್, ಎಂಜಿನ್‌ಗೆ ದುಡ್ಡು ಹಾಕುವ ಮೊದಲು ಗಾಡಿ ಎತ್ತಿಸಿ ಅಡಿ ನೋಡಿಸಿ. ಮಲೆನಾಡಿನ ಮಳೆಗೆ ಫ್ಲೋರ್ ತುಕ್ಕು ತಿಂದಿದ್ರೆ ಎಂಜಿನ್ ಒಂದೇ ಚೆನ್ನಾಗಿದ್ದು ಏನು ಮಾಡ್ತೀರಿ?

ಕಾಫಿಘಾಟಿ
ಎತ್ತಿಸಿ ನೋಡಿದ್ವಿ ಮೇಡಂ. ಡ್ರೈವರ್ ಕಾಲಡಿ ಅಂಗೈಯಷ್ಟು ತುಕ್ಕು ಇದೆ, ತಗಡು ಹಾಕಿ ವೆಲ್ಡ್ ಮಾಡಬಹುದು ಅಂದ್ರು. ಸಸ್ಪೆನ್ಷನ್ ಹೋದ ವರ್ಷವೇ ಆಗಿದೆ. ಒಪ್ಪಿಗೆ ಕೊಟ್ಟೆ. ಹೆಡ್ ಇಳಿದಿದೆ. ಮೂರು, ನಾಲ್ಕರ ನಡುವೆ ಗ್ಯಾಸ್ಕೆಟ್ ಅರ್ಧ ಬೆರಳಷ್ಟು ಅಗಲ ಸುಟ್ಟು ಕಪ್ಪಾಗಿದೆ, ಅಲ್ಲಿಂದ ನೀರಿನ ದಾರಿವರೆಗೂ ಒಂದು ಕಪ್ಪು ಗೆರೆ ಹೋಗಿದೆ. ಹೆಡ್ 0.12 ಸೊಟ್ಟ. ಬ್ಲಾಕ್ ಸಮ ಇದೆ. ಸಿಲಿಂಡರ್ ಗೋಡೆಯಲ್ಲಿ ಕಂಪನಿಯ ಹೋನಿಂಗ್ ಗೆರೆ (ಗೋಡೆ ಸವೆದಿಲ್ಲ ಅನ್ನೋ ಗುರುತು) ಇನ್ನೂ ಕಾಣಿಸ್ತಿದೆ, ಮೆಕ್ಯಾನಿಕ್ ಅಪ್ಪನನ್ನ ಕರೆದು ಟಾರ್ಚ್ ಬಿಟ್ಟು ತೋರಿಸಿದ್ರು.

ಸ್ಪ್ಯಾನರ್ 14
ತುಂಬಾ ಸಂತೋಷ. ಆದ್ರೆ ಇನ್ನೊಂದು ಪ್ರಶ್ನೆ ಬಾಕಿ ಇದೆ. ಅವತ್ತು ಘಾಟಿಯಲ್ಲಿ ಗಾಡಿ ಕಾದಿದ್ದು ಯಾಕೆ? ಅದು ಸಿಗದೆ ಹೆಡ್ ಕೂರಿಸಿದ್ರೆ ಹೊಸ ಗ್ಯಾಸ್ಕೆಟ್ಟೂ ಸುಡುತ್ತೆ. ಗುಜರಿ ಎಂಜಿನ್ ಹಾಕಿಸಿದ್ರೂ ಅದೇ ರೇಡಿಯೇಟರ್, ಅದೇ ಫ್ಯಾನ್ ಇರ್ತಿತ್ತು, ಮುಂದಿನ ಚಾರ್ಮಾಡಿಯಲ್ಲಿ ಅದೂ ಹೋಗ್ತಿತ್ತು. ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ನೀರನ್ನ ರೇಡಿಯೇಟರ್‌ಗೆ ಬಿಡುವ ವಾಲ್ವ್) ಬಿಸಿನೀರಿಗೆ ಹಾಕಿ ತೆರೆಯುತ್ತಾ ನೋಡಿ. ರೇಡಿಯೇಟರ್ ಮುಚ್ಚಳದ ರಬ್ಬರ್ ನೋಡಿ. ಫ್ಯಾನ್ ತಿರುಗುತ್ತಾ?

ಕಾಫಿಘಾಟಿ
ಫ್ಯಾನ್‌ಗೆ ನೇರ ಬ್ಯಾಟರಿ ಕೊಟ್ರೆ ತಿರುಗುತ್ತೆ. ಗಾಡಿಯಲ್ಲಿ ಬಿಸಿಯಾದಾಗ ತಿರುಗ್ತಿರಲಿಲ್ಲ. ರಿಲೇ (ಫ್ಯಾನ್‌ಗೆ ಕರೆಂಟ್ ಕೊಡುವ ಸ್ವಿಚ್) ಬಿಚ್ಚಿ ನೋಡಿದ್ರೆ ಒಳಗೆ ಕಾಂಟ್ಯಾಕ್ಟ್ ಸುಟ್ಟಿತ್ತು. ಹೈವೇಯಲ್ಲಿ ಗಾಳಿಗೆ ನಡೀತಿತ್ತು, ಘಾಟಿಯಲ್ಲಿ ಬಸ್ಸಿನ ಹಿಂದೆ ತೆವಳುವಾಗ ಕಾದಿದೆ. ಹೊಸ ರಿಲೇ 280 ರೂಪಾಯಿ.

ಕುಡ್ಲದ ಶಾರ್ಜಾವಾಸಿ
280 ರೂಪಾಯಿ ರಿಲೇಗೆ 48,000ದ ಎಂಜಿನ್ನಾ! ಅಯ್ಯೋ ದೇವ್ರೇ.

ರೆಡ್‌ಲೈನ್ ಹುಡುಗ
ನಾನು ಹೇಳಿದ್ದು ತಪ್ಪಾಯ್ತು ಅಣ್ಣ, ಟೆಸ್ಟ್ ಮಾಡಿಸೋ ಯೋಚನೆಯೇ ನನಗೆ ಬಂದಿರಲಿಲ್ಲ. ನನ್ನ ಗಾಡಿಯ ಫ್ಯಾನ್ ಇವತ್ತೇ ನೋಡಿದೆ, ತಿರುಗ್ತಿದೆ.

ಕಾಫಿಘಾಟಿ
ಕೊನೆಯ ಸುದ್ದಿ. ಗಾಡಿ ಮನೆಗೆ ಬಂತು. ಗ್ಯಾಸ್ಕೆಟ್ ಸೆಟ್, ಸರ್ಫೇಸಿಂಗ್, ವಾಲ್ವ್ ಲ್ಯಾಪಿಂಗ್, ಸೀಲ್, ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಥರ್ಮೋಸ್ಟಾಟ್, ಮುಚ್ಚಳ, ಕೂಲೆಂಟ್, ಆಯಿಲ್, ಕೂಲಿ ಎಲ್ಲಾ ಸೇರಿ 21,400. ತುಕ್ಕಿಗೆ ತಗಡು ವೆಲ್ಡಿಂಗ್ 1,800 ಬೇರೆ. ಈಗ ಕಂಪ್ರೆಶನ್ 180, 176, 178, 175. ಆರ್‌ಸಿಗೆ ಅರ್ಜಿ ಹಾಕಿ 10,000 ಕಟ್ಟಿದ್ದೀನಿ, ಎಂಜಿನ್ ನಂಬರ್ ಹಳೆಯದೇ ಇರೋದ್ರಿಂದ ಇನ್ಸ್‌ಪೆಕ್ಷನ್ ಹತ್ತು ನಿಮಿಷದಲ್ಲಿ ಮುಗೀತು.

ಭಾನುವಾರ ಅಪ್ಪನೇ ಸ್ಟೇರಿಂಗ್ ಹಿಡಿದು ಕೊಟ್ಟಿಗೆಹಾರದವರೆಗೆ ಬಂದ್ರು. ಘಾಟಿ ಇಳಿದು ಹತ್ತುವಾಗ ನಾನು ಓಡಿಸಿದೆ. ಅಣ್ಣಪ್ಪಸ್ವಾಮಿ ಗುಡಿ ಹತ್ತಿರ ಮತ್ತೆ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ ಬಾನೆಟ್ ಎತ್ತಿ ಕಾದ್ವಿ. ಎರಡು ನಿಮಿಷಕ್ಕೆ ಫ್ಯಾನ್ ಗುಂಯ್ ಅಂತ ಶುರುವಾಯ್ತು. ಮುಳ್ಳು ಅರ್ಧದ ಕೆಳಗೇ ಇತ್ತು. @ಸ್ಪ್ಯಾನರ್ 14, @ಲೇತ್ ಕೆಲಸ, ನಿಮ್ಮಿಬ್ಬರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಚಿಕ್ಕಮಗಳೂರು ಕಡೆ ಬಂದ್ರೆ ಮನೆಗೆ ಬರಲೇಬೇಕು, ನಮ್ಮ ತೋಟದ ಕಾಫಿ ಇದೆ.

ಲೇತ್ ಕೆಲಸ
ಬರ್ತೀನಿ. 500 ಕಿ.ಮೀ. ಆದ ಮೇಲೆ ಆಯಿಲ್ ಒಂದು ಸಲ ಬದಲಿಸಿ, ಒಳಗೆ ಕೂಲೆಂಟ್ ಪಸೆ ಉಳಿದಿರುತ್ತೆ. ಒಂದು ತಿಂಗಳು ದಿನಾ ಬೆಳಿಗ್ಗೆ ನೀರಿನ ಮಟ್ಟ ನೋಡ್ತಿರಿ.

ಕಾಫಿಘಾಟಿ
ಅಪ್ಪ ಬಾಟಲಿಯ ಮೇಲೆ ಪೆನ್ನಲ್ಲಿ ಗೆರೆ ಎಳೆದಿದಾರೆ ಸಾರ್. ಒರೆಸೋಕೆ ಹೋದಾಗ ನೋಡಿಕೊಂಡು ಬರ್ತಾರೆ.

ತುಮಕೂರು ಬೈಪಾಸ್
ನಮ್ಮದು 2004ರ ಆಕ್ಸೆಂಟ್. ಬೆಳಿಗ್ಗೆ ಇದೇ ಥರ ನಡುಕ, ನೀಲಿ ಹೊಗೆ, ಆದ್ರೆ ನೀರು ಕಮ್ಮಿ ಆಗ್ತಿಲ್ಲ. ನಮಗೂ ಎಂಜಿನ್ ಬದಲಿಸಿ ಅಂತಿದ್ದಾರೆ.

ಸ್ಪ್ಯಾನರ್ 14
ನೀಲಿ ಅಂದ್ರೆ ಎಣ್ಣೆ ಸುಡ್ತಿದೆ, ಅದು ಬೇರೆ ಕಥೆ. ಸ್ಟಾರ್ಟ್ ಮಾಡಿದ ತಕ್ಷಣ ಒಂದು ಸಲ ಬಂದು ನಿಲ್ಲುತ್ತಾ, ಇಲ್ಲಾ ಓಡುವಾಗಲೂ ಬರುತ್ತಾ? ಒಂದೇ ಸಲ ಬಂದು ನಿಂತ್ರೆ ವಾಲ್ವ್ ಸೀಲ್ ಇರಬಹುದು. ಹೊಸ ಥ್ರೆಡ್ ಶುರು ಮಾಡಿ, ಡ್ರೈ ಮತ್ತು ವೆಟ್ ನಂಬರ್ ಎರಡನ್ನೂ ಹಾಕಿ. ರಾತ್ರಿ ನೋಡ್ತೀನಿ.